ಓರಗೆ ತಪ್ಪಿದವನು

ನವೆಂಬರ್ 3. ಬೆಳಿಗ್ಗೆ 6

150/95. ಮಾತ್ರೆ ನುಂಗಿದೆ. ಉಪ್ಪಿಲ್ಲದ ಗಂಜಿ. ನಾಯಿಯೂ ಮೂಸುವುದಿಲ್ಲ.

ಈ ನೋಟುಪುಸ್ತಕ ಆಸ್ಪತ್ರೆಯ ನರ್ಸಮ್ಮ ಕೊಟ್ಟದ್ದು. ಬಿ.ಪಿ. ಬರೆದಿಡಲು. ಮುಂದಿನ ಹಾಳೆಗಳಲ್ಲಿ ಅವಳಿಗೆ ಅಂಕಿ. ಹಿಂದಿನಿಂದ ನನಗೆ ಇದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಯಾರ ಕೈಗೆ ಸಿಕ್ಕರೂ ಓದಲಾರರು.

ಗಂಜಿ ಮುಗಿಯುವ ಮುಂಚೆಯೇ ಮೈಕಿನ ಕಾರು ಬಂತು. ಎಂಬತ್ತೆಂಟರಿಂದ ತೊಂಬತ್ತರೊಳಗೆ ಎಲುಗ್ವುಮಾದಲ್ಲಿ ಹುಟ್ಟಿದ ಗಂಡುಮಕ್ಕಳೇ, ಡಿಸೆಂಬರ್ ಇಪ್ಪತ್ತೆಂಟಕ್ಕೆ ಎಕೆ ಸಂತೆ ಬಯಲಿನಲ್ಲಿ ನಿಮ್ಮ ಓರಗೆಗೆ ಹೆಸರಿಡುತ್ತೇವೆ, ಲಾಗೋಸಿನಲ್ಲಿರಲಿ ಲಂಡನ್ನಿನಲ್ಲಿರಲಿ ಬನ್ನಿ... ಎರಡು ಸಲ ಸುತ್ತಿತು. ನಮ್ಮ ಬಾಗಿಲ ಮುಂದೆ ಬೇಕಂತಲೇ ನಿಧಾನ ಮಾಡಿದರು.

ಮೂರು ವರ್ಷದೊಳಗೆ ಹುಟ್ಟಿದವರೆಲ್ಲ ಇಲ್ಲಿ ಒಂದು ಓರಗೆ, ಸಾಯುವವರೆಗೆ ಜೊತೆ. ನಮ್ಮ ಮನೆಯಲ್ಲೂ ಆ ಓರಗೆಯವನೊಬ್ಬನಿದ್ದಾನೆ. ತೀರಿಹೋದ ನನ್ನ ತಮ್ಮನ ಮಗ. ಎಂಬತ್ತೊಂಬತ್ತರ ಮಾರ್ಚಿನಲ್ಲಿ ಹುಟ್ಟಿದವನು. ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾನೆ. ಅದೇ ಅವನ ಉದ್ಯೋಗ, ಅದೇ ಈ ಮನೆಯ ಅನ್ನ. ಅಲ್ಲಿನ ಕಾಗದದ ಪ್ರಕಾರ ಅವನು ತೊಂಬತ್ತೆರಡರಲ್ಲಿ ಹುಟ್ಟಿದ ಕ್ಲೆಮೆಂಟ್. ನಿಜದ ಹೆಸರು ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ಒಮ್ಮೆ ಬರೆದು ಕೆಟ್ಟಿದ್ದೇನೆ. ಉದ್ದನೆಯವನು ಅಂದರೆ ಸಾಕು.

ನವೆಂಬರ್ 5. ಮಧ್ಯಾಹ್ನ

155/95. ಇರೆಮ್ ಬಂದಿದ್ದ. ಉದ್ದನೆಯವನೂ ಇವನೂ ಒಂದೇ ವಾರದಲ್ಲಿ ಹುಟ್ಟಿದವರು. ಒಂದೇ ಚೆಂಡಿಗೆ ಜಗಳವಾಡಿ ಬೆಳೆದವರು. ಇವನಿಗೆ ಈಗ ಪೇಟೆಯಲ್ಲಿ ಪ್ರಿಂಟಿಂಗ್ ಪ್ರೆಸ್. ಓರಗೆಯ ಕಾರ್ಯದರ್ಶಿ ಬೇರೆ. ಮನೆಗೆ ಬಂದವರಿಗೆ ಕೊಡುವ ಕೋಲಾ ಕಾಯಿ ಒಡೆದು ಕೊಟ್ಟೆ. ಅಗಿಯುತ್ತಾ ಶುರು ಮಾಡಿದ.

"ದೊಡ್ಡಪ್ಪ, ಒಂದು ಫೋಟೋ ಬೇಕಿತ್ತು."

"ಯಾರದು, ನನ್ನದಾ? ಸತ್ತ ಮೇಲೆ ತಗೊಂಡ್ಹೋಗು."

"ನಿಮ್ದು ಯಾರಿಗ್ ಬೇಕು, ಮಕ್ಕಳು ಹೆದರ್ಕೊತವೆ. ಅವನ್ದು. ಓರಗೆ ಕ್ಯಾಲೆಂಡರ್‌ಗೆ. ನಲವತ್ಮೂರು ಜನ, ನಲವತ್ಮೂರು ಮುಖ, ಕೆಳಗೆ ಹೆಸರು. ಮೇಲೆ ದಪ್ಪಕ್ಷರದಲ್ಲಿ 1988–1990."

"ಅವನ ಮುಖ ಬೇಡ."

"ನಮ್ಮ ಓರಗೇಗೆ ಇರೋ ಮುಖಾನೇ ಅವನು!"

"ಎಲ್ಲಿ ನೇತು ಹಾಕ್ತೀರಿ ಅದನ್ನ? ಕಟಿಂಗ್ ಶಾಪಲ್ಲಿ. ಔಷಧಿ ಅಂಗಡೀಲಿ. ಅಮೆರಿಕದಿಂದ ಬಂದೋನು ಯಾವನೋ ಗಡ್ಡ ಹೆರೆಸ್ಕೊಳ್ತಾ ತಲೆ ಎತ್ತಿ ನೋಡ್ತಾನೆ. ಅರೆ, ಇವನು ಕ್ಲೆಮೆಂಟ್ ಅಲ್ವಾ, ತೊಂಬತ್ತೆರಡರವನಲ್ವಾ ಅಂತಾನೆ. ಫೋಟೋ ಹೊಡೀತಾನೆ. ಮುಗೀತು ಇವನ ಕಥೆ."

"ಹದಿನೈದು ವರ್ಷದಿಂದ ಊರಿಗೂರೇ ಬಾಯಿ ಮುಚ್ಕೊಂಡಿದೆ ದೊಡ್ಡಪ್ಪ. ನಮ್ಮ ಹುಡುಗ ಅಂತ. ನಾವೇನು ಮೂಗರಾಗಿ ಹುಟ್ಟಿದ್ವಾ?"

"ಇನ್ನೆರಡು ವರ್ಷ ಮೂಗನಾಗಿರು. ಈಗ ಏಳು."

ಎದ್ದ. ಅರ್ಧ ಕೋಲಾ ತಟ್ಟೆಯಲ್ಲೇ ಬಿಟ್ಟು ಹೋದ. ಮನೆಯಲ್ಲಿ ಕೋಲಾ ಉಳಿಸಿ ಹೋಗುವುದು ಶತ್ರು ಮಾಡುವ ಕೆಲಸ. ಉಳಿದದ್ದನ್ನು ನಾನೇ ತಿಂದೆ. ಕಹಿ.

ನವೆಂಬರ್ 6

ಆ ವರ್ಷ ನೆನಪಾಗುತ್ತಿದೆ. ಬರೆದು ತೊಲಗಿಸುತ್ತೇನೆ.

ಆಗ ಆಬಾ ನಗರದಲ್ಲಿ ನನ್ನ ಟೈರ್ ಪಂಕ್ಚರ್ ಅಂಗಡಿ. ಹಳೇ ಲಾರಿಯ ಚಕ್ರದ ಕಬ್ಬಿಣದ ಬಳೆಯೊಂದನ್ನು ಮುಂದಿನ ಕಂಬಕ್ಕೆ ಬೋಲ್ಟು ಹಾಕಿ ಬಿಗಿದೆ. ಉದ್ದನೆಯವನು ಅದರಲ್ಲೇ ಚೆಂಡು ಹಾಕಿ ಕಲಿತ. ಬಳೆ ನಿಜವಾದದ್ದಕ್ಕಿಂತ ಎರಡಂಗುಲ ಅಗಲ. ಎಸೆದದ್ದೆಲ್ಲ ಒಳಗೆ. ಲಾಗೋಸಿಗೆ ಹೋದಾಗಲೇ ಗೊತ್ತಾಗಿದ್ದು, ಪ್ರಪಂಚದ ಬಳೆ ಚಿಕ್ಕದು ಅಂತ.

ಲಾಗೋಸಿನಲ್ಲಿ ಅಮೆರಿಕದವರ ಶಿಬಿರ. ಹದಿನೈದರೊಳಗಿನವರಿಗೆ ಮಾತ್ರ. ಇವನಿಗೆ ಹದಿನೇಳು. ಆರಡಿ ಎಂಟಂಗುಲ. ಕೋರ್ಟಿಗೆ ಹೋಗಿ ವಯಸ್ಸು ಇಷ್ಟೇ ಎಂದು ಪ್ರಮಾಣ ಮಾಡಿ ಕಾಗದ ತಂದೆ. ಎಲ್ಲರೂ ತರುತ್ತಿದ್ದರು. ಅದು ಸಾಲದು, ಚರ್ಚಿನ ದೀಕ್ಷಾಸ್ನಾನದ ಕಾರ್ಡು ಬೇಕು ಅಂದರು. ಮನೆಯಲ್ಲಿ ಇನ್ನೊಂದು ಕಾರ್ಡು ಇತ್ತು. ಇವನ ಬೆನ್ನಿಗೆ ಹುಟ್ಟಿ ಎಂಟು ತಿಂಗಳಿಗೇ ಹೋದ ತಮ್ಮನದು. ಕ್ಲೆಮೆಂಟ್. ಅವರ ತಾಯಿ ಉಗೊಯೆ ಅದನ್ನು ಬೈಬಲ್ಲಿನೊಳಗೆ ಇಟ್ಟಿದ್ದಳು. ಗಂಡ ಹೋದ ಮೇಲೆ ಅವಳಿಗೆ ಉಳಿದಿದ್ದು ಆ ಕಾರ್ಡು ಮತ್ತು ಈ ಉದ್ದನೆಯವನು. ನಾನು ಕಾರ್ಡು ತೆಗೆದುಕೊಂಡೆ. ಕೇಳಲಿಲ್ಲ. ಆಮೇಲೆ ಹೇಳಿದೆ.

ಶಿಬಿರದಲ್ಲಿ ಬಿಳಿಯನೊಬ್ಬ ಇವನನ್ನು ಗೋಡೆಗೆ ನಿಲ್ಲಿಸಿ ಅಳೆದ. ಹದಿನಾಲ್ಕಕ್ಕೇ ಇಷ್ಟು! ಇನ್ನೂ ಬೆಳೆಯುತ್ತಾನೆ, ಏಳಡಿ ದಾಟುತ್ತಾನೆ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಒಂದಂಗುಲವೂ ಬೆಳೆಯಲಿಲ್ಲ. ಬೆಳೆಯುವುದು ಮುಗಿದಿತ್ತು.

ಅಲ್ಲಿಗೇ ಬಿತ್ತು ಏಟು. ಅಲ್ಲಿನ ಶಾಲೆ ಕಾಯಿತು, ಕಾಲೇಜು ಕಾಯಿತು. ದೊಡ್ಡ ಲೀಗಿನ ತಂಡ ಕೊನೆಯ ಸುತ್ತಿನಲ್ಲಿ ಆರಿಸಿ ಮೂರು ವರ್ಷ ಬೆಂಚಿನ ಮೇಲೆ ಕೂರಿಸಿ ಕಾಯಿತು. ಬರಬೇಕಾದ ಎತ್ತರ ಬರಲಿಲ್ಲ. ಕೈಬಿಟ್ಟರು. ತುರ್ಕಿ, ಲೆಬನಾನ್, ಮನಿಲಾ. ಈಗ ಮತ್ತೆ ಅಮೆರಿಕದ ಸಣ್ಣ ಲೀಗು. ಜನವರಿಯಲ್ಲಿ ದೊಡ್ಡ ತಂಡ ಕರೆಯಬಹುದು ಅಂತ ಮಾತಿದೆ. ಎರಡು ವರ್ಷದ ಕರಾರು. ಕೊನೆಯ ಅವಕಾಶ. ಕಾಗದದಲ್ಲಿ ಇಪ್ಪತ್ತೊಂಬತ್ತು. ಮೊಣಕಾಲಲ್ಲಿ ಮೂವತ್ತೆರಡು.

ಸಾಕು.

ನವೆಂಬರ್ 14. ಸಂಜೆ 4

ಉದ್ದನೆಯವನ ಫೋನು. ಅಲ್ಲಿ ಹಿಮವಂತೆ. ಇಲ್ಲಿ ಧೂಳುಗಾಳಿ ಶುರು.

"ದೊಡ್ಡಪ್ಪ, ಬಿ.ಪಿ. ಎಷ್ಟು?"

"ಇದೆ. ಮಂಡಿ?"

"ಅದೂ ಇದೆ." ನಕ್ಕ. "ಟೀಮಲ್ಲಿ ನನ್ನ ತಾತ ಅಂತ ಕರೀತಾರೆ. ಮೆಟ್ಟಿಲಿಳಿಯುವಾಗ ಕಟಕಟ ಸದ್ದು ಬರುತ್ತಲ್ಲ, ಅದಕ್ಕೆ. ತಮಾಷೆಗೆ."

"ತಮಾಷೆ ಮಾಡಲಿ. ಲೆಕ್ಕ ಹಾಕದಿದ್ರೆ ಸಾಕು."

ಆಮೇಲೆ, "ಇರೆಮ್ ಹೇಳ್ದ. ಇಪ್ಪತ್ತೆಂಟಕ್ಕೆ ಅಂತೆ. ಬರ್ತೀನಿ."

"ಬೇಡ."

"ಎರಡು ದಿನ. ಅವರ ಜೊತೆ ಸಂತೆ ಬಯಲಲ್ಲಿ ಒಂದು ಸುತ್ತು ನಡೀತೀನಿ. ಒಂದೇ ಬಟ್ಟೆ ಹೊಲಿಸ್ತಿದಾರಂತೆ, ನನ್ನ ಅಳತೆ ಕೇಳಿದಾನೆ. ಇನ್ನೆಂಟು ಗಜ ಜಾಸ್ತಿ ಬೇಕು ಅಂತ ಬೈತಿದ್ದ."

"ಬೇಡ ಅಂದ್ನಲ್ಲ! ಒಬ್ಬೊಬ್ಬನ ಕೈಲೂ ಎರಡೆರಡು ಫೋನು. ನಡೆಯೋದಿದ್ರೆ ಕರಾರು ಬಂದ ಮೇಲೆ ನಡಿ."

"ಓರಗೆಗೆ ಹೆಸರಿಡೋದು ಒಂದೇ ಸಲ ದೊಡ್ಡಪ್ಪ."

ಫೋನ್ ಇಟ್ಟೆ. ನಾನೇ ಇಟ್ಟೆ. 165/100.

ನವೆಂಬರ್ 15

ಉಗೊಯೆ ಬೆಳಿಗ್ಗೆ ಮೆಣಸಿನ ಸಾರು ತಂದಳು. ಉಪ್ಪಿರಲಿಲ್ಲ. ಬಾಗಿಲಲ್ಲೇ ನಿಂತಳು.

"ಬರ್ತೀನಿ ಅಂದನಂತಲ್ಲ ಭಾವ."

"ಬರಬೇಡ ಅಂದೆ."

"ಹೂಂ."

"ಏನು ಹೂಂ? ಬಾಯಿ ಬಿಟ್ಟು ಬೈದುಬಿಡು."

"ಇರೆಮ್ ಫೋನಲ್ಲಿ ಒಂದು ಸಲ ಅವನ ಆಟ ತೋರಿಸ್ದ. ಚೆಂಡು ಹಾಕ್ದ. ಸಾವಿರಾರು ಜನ ಎದ್ದು ಕ್ಲೆಮೆಂಟ್, ಕ್ಲೆಮೆಂಟ್ ಅಂತ ಕೂಗಿದ್ರು. ನನಗೆ ಅದು ಹಿತ್ತಲ ಮರದ ಬುಡದಿಂದ ಕೇಳಿಸ್ತು. ಎಂಟು ತಿಂಗಳ ಕೂಸನ್ನ ಅಷ್ಟು ಜನ ಎಬ್ಬಿಸ್ತಾರಲ್ಲ ಭಾವ, ಅದು ಮಲಗೋದು ಯಾವಾಗ?"

ಪಾತ್ರೆ ತೆಗೆದುಕೊಂಡು ಹೋದಳು.

ಡಿಸೆಂಬರ್ 2

ಪ್ರೆಸ್ಸಿಗೆ ಹೋಗಿದ್ದೆ. ಬಸ್ಸಿನಲ್ಲಿ ಆಡು, ಕೋಳಿ, ಒಣಮೀನು, ನಾನು. ಕ್ಯಾಲೆಂಡರಿನ ಮೊದಲ ಪ್ರತಿ ಮೇಜಿನ ಮೇಲಿತ್ತು. ನಲವತ್ತೆರಡು ಮುಖ. ನಡುವೆ ಒಂದು ಖಾಲಿ ಚೌಕ. ಕೆಳಗೆ ಹೆಸರು — ಪೂರಾ ಹೆಸರು, ಅಪ್ಪನದೂ ಸೇರಿಸಿ.

ಕಿತ್ತು ಹಾಕು ಅಂದೆ. ಇರೆಮ್ ಕೈಯಲ್ಲಿದ್ದ ಮಸಿಬಟ್ಟೆ ಕೆಳಗಿಟ್ಟ.

"ಆಯ್ತು, ಕಿತ್ತೆ. ಕ್ಯಾಲೆಂಡರ್ ನನ್ನದು, ಕೀಳ್ತೀನಿ. ಆದ್ರೆ ಪಟ್ಟಿ ನನ್ನದಲ್ಲ. ಹತ್ತು ವರ್ಷದ ಹುಡುಗರಿದ್ದಾಗ ಓರಗೆಗೆ ಸೇರಿಸಿದ ಹೆಸರು. ಸತ್ತರೆ ಮಾತ್ರ ತೆಗೀಬೇಕು. ಇಪ್ಪತ್ತೆಂಟಕ್ಕೆ ಊರ ಹಿರಿಯರ ಪರವಾಗಿ ಓಬಾಸಿ ಅಜ್ಜ ಹೆಸರು ಮೂರು ಸಲ ಕೂಗ್ತಾರೆ. ಅವನೇ ಓಗೊಡಬೇಕು. ಇಲ್ಲ, ಮನೆ ಹಿರಿಯ ಎದ್ದು 'ಇದ್ದಾನೆ' ಅನ್ನಬೇಕು."

"ಅನ್ನದಿದ್ರೆ?"

"ಗೊತ್ತಿಲ್ವಾ ನಿಮಗೆ? ಎಷ್ಟು ಓರಗೆಗೆ ಹೆಸರಿಟ್ಟಿದ್ದು ನೋಡಿದೀರಿ? ನೆಲಕ್ಕೆ ಹೆಂಡ ಸುರೀತಾರೆ. ಸತ್ತವರ ಸಾಲಿಗೆ."

"ನನ್ನ ಹೆದರಿಸ್ತೀಯೇನೋ?"

"ನಾನ್ಯಾಕೆ ಹೆದರಿಸ್ಲಿ. ಅವನು ಸತ್ತಾಗ ಹೆಣ ಹೊರೋರು ಯಾರು ದೊಡ್ಡಪ್ಪ? ಕ್ಲೆಮೆಂಟಿನ ಓರಗೆಯವರಾ? ಅವರು ಆ ಕೂಸನ್ನ ನೋಡೇ ಇಲ್ಲ."

ಬೈದೆ. ಪ್ರೆಸ್ಸಿನ ಹುಡುಗಿಯರೆಲ್ಲ ಎದ್ದು ನಿಂತು ಕೇಳುವಷ್ಟು ಬೈದೆ. ಬರುವಾಗ ಬಸ್ಸಿನಲ್ಲಿ ಜಾಗವಿತ್ತು, ಕೂರಲಿಲ್ಲ.

ಡಿಸೆಂಬರ್ 19. ಮಧ್ಯಾಹ್ನ 3

170/100. ಉದ್ದನೆಯವನ ಫೋನು. ದನಿ ಒಂಥರಾ. ನೆಗಡಿಯೇ ಅಂದೆ. ಹೌದು ಅಂದ.

"ಬರಲ್ಲ ದೊಡ್ಡಪ್ಪ. ಬರೋಕಾಗಲ್ಲ."

"ಒಳ್ಳೇದಾಯ್ತು."

"ಒಂದು ಕೇಳ್ತೀನಿ. ಹೆಸರು ಕೂಗಿದಾಗ ನೀವು ಎದ್ದು 'ಇದ್ದಾನೆ' ಅನ್ನಿ. ಒಂದೇ ಮಾತು. ಅಷ್ಟೇ ಸಾಕು ನನಗೆ."

"ಜನವರಿ ಬರಲಿ, ಕರಾರು ಆಗಲಿ —"

"ಕರಾರಿನ ಚಿಂತೆ ಬೇಡ. ಹೇಳಿಬಿಡಿ. ಯಾರು ಕೇಳಿಸ್ಕೊಂಡ್ರೂ ಪರವಾಗಿಲ್ಲ."

"ನಿನಗೆ ತಲೆ ಕೆಟ್ಟಿದೆಯಾ? ಹದಿನೈದು ವರ್ಷ ಹಿಡಿದಿದ್ದನ್ನ ಒಂದು ತಿಂಗಳು ಹಿಡಿಯೋಕಾಗಲ್ವಾ?"

"ನೀವು ಮಾತ್ರೆ ತಗೊಳ್ಳಿ" ಅಂದ. ಇಟ್ಟ.

ಡಿಸೆಂಬರ್ 28. ಸಂಜೆ 6

ಸಂತೆ ಬಯಲಿನಿಂದ ಈಗ ಬಂದೆ. ಬಿ.ಪಿ. ನೋಡಲಿಲ್ಲ.

ಜನವೋ ಜನ. ಬಂದ ಓರಗೆಯವರಿಗೆಲ್ಲ ಒಂದೇ ನೀಲಿ ಬಟ್ಟೆ. ಇರೆಮ್ ತೋಳಿನ ಮೇಲೆ ಇನ್ನೊಂದು ನೀಲಿ ಅಂಗಿ ಮಡಿಸಿ ಹಾಕಿಕೊಂಡಿದ್ದ. ಉದ್ದ. ತುದಿ ಅವನ ಪಾದ ಮುಟ್ಟುತ್ತಿತ್ತು.

ಓಬಾಸಿ ಅಜ್ಜನಿಗೆ ತೊಂಬತ್ತಾಗಿದ್ದರೂ ದನಿ ಕಂಚು. ಒಂದೊಂದೇ ಹೆಸರು. ಇದ್ದೇನೆ. ಇದ್ದೇನೆ. ಲಂಡನ್ನಿನಲ್ಲಿರುವವನಿಗೆ ಅವನ ಅಪ್ಪ ಎದ್ದು ಇದ್ದಾನೆ ಅಂದ. ಜನ ನಕ್ಕು ಚಪ್ಪಾಳೆ ತಟ್ಟಿದರು.

ನಮ್ಮದು ಬಂತು. ಒಂದು ಸಲ.

ನನ್ನ ಮುಂದೆ ಅಮೆರಿಕದ ಹ್ಯೂಸ್ಟನ್ನಿನಿಂದ ಬಂದವನೊಬ್ಬ ಕೋಲಿಗೆ ಫೋನು ಸಿಕ್ಕಿಸಿ ಹಿಡಿದಿದ್ದ. ನೇರಪ್ರಸಾರವಂತೆ. ಫೋನಿಗೆ ಇಂಗ್ಲಿಷಿನಲ್ಲಿ ಏನೋ ವರದಿ ಒಪ್ಪಿಸುತ್ತಿದ್ದ. ಎರಡನೇ ಸಲ ಕೂಗಿದರು. ಜನರೆಲ್ಲ ನನ್ನ ಕಡೆ ತಿರುಗಿದರು. ಆ ಕೋಲೂ ತಿರುಗಿತು. ಗಾಜಿನಲ್ಲಿ ನನ್ನ ಮುಖ ಕಂಡಿತು. ಬಾಯಿ ತೆರೆದಿತ್ತು.

ಜನವರಿ ಅಂದುಕೊಂಡೆ. ಎರಡು ವರ್ಷದ ಕರಾರು ಅಂದುಕೊಂಡೆ. ಬಾಯಿಗೆ ಧೂಳು ಹೋಯಿತು. ಮುಚ್ಚಿದೆ.

ಮೂರನೇ ಸಲ.

ಓಬಾಸಿ ಅಜ್ಜ ನನ್ನನ್ನೇ ನೋಡುತ್ತಾ ನಿಂತರು. ಬಹಳ ಹೊತ್ತು. ಆಮೇಲೆ ಸೋರೆಬುರುಡೆ ಬಗ್ಗಿಸಿದರು. ಹೆಂಡ ಧೂಳಿಗೆ ಬಿದ್ದು ಉಂಡೆಯುಂಡೆಯಾಯಿತು. ಇರೆಮ್ ಆ ಉದ್ದನೆ ಅಂಗಿಯನ್ನು ಅದರ ಮೇಲೆ ಹಾಸಿದ. ಹೆಂಗಸರ ಸಾಲಿನಿಂದ ಒಬ್ಬಳು ಎದ್ದು ಹೋದಳು. ಹಿಂದಿನಿಂದ ನೋಡಿದೆ. ಉಗೊಯೆ.

ಆ ಓರಗೆಗೆ ಏನು ಹೆಸರಿಟ್ಟರೋ ನನಗೆ ಕೇಳಿಸಲಿಲ್ಲ.

ಡಿಸೆಂಬರ್ 29

180/110.

ಜನವರಿ 2. ಬೆಳಿಗ್ಗೆ 10

ಇರೆಮ್ ಬಂದ. ಕೂರಲಿಲ್ಲ. ಕೋಲಾ ಕೊಟ್ಟೆ, ಮುಟ್ಟಲಿಲ್ಲ. ಫೋನು ತೆಗೆದು ಮುಖಕ್ಕೆ ಹಿಡಿದ. ಅಮೆರಿಕದ ಪತ್ರಿಕೆ. ಉದ್ದನೆಯವನ ಫೋಟೋ.

"ಓದಿ."

"ಕನ್ನಡಕ ಇಲ್ಲ."

"ಮೂಗಿನ ಮೇಲೇ ಇದೆ ದೊಡ್ಡಪ್ಪ."

ಓದಿದೆ. ಫೋಟೋದ ಕೆಳಗೆ ಅವನ ನಿಜವಾದ ಹೆಸರು. ಅಪ್ಪನದೂ ಸೇರಿಸಿ. ಮೂವತ್ತೆರಡು ವರ್ಷ.

"ಯಾವನು ಹೇಳ್ದ? ಆ ಹ್ಯೂಸ್ಟನ್ನೋನಾ?"

"ಅವನಲ್ಲ, ನಮ್ಮವನೇ ಹೇಳಿದ್ದು. ಹದಿನೇಳನೇ ತಾರೀಕು. ಡಾಕ್ಟರು ಮಂಡಿ ಎಕ್ಸ್‌ರೇ ಬೆಳಕಿಗೆ ಹಿಡಿದು, ಇದು ಇಪ್ಪತ್ತೊಂಬತ್ತರ ಮೂಳೆ ಅಲ್ಲ, ನಿಜ ಹೇಳು ಅಂದ್ನಂತೆ. ಹದಿನೈದು ವರ್ಷದಿಂದ ತಮ್ಮನ ಬೆನ್ನ ಮೇಲೆ ಕೂತಿದೀನಿ, ಇಳೀಬೇಕು ಅಂದ್ನಂತೆ ಇವನು. ಅವತ್ತೇ ತಂಡದಿಂದ ತೆಗೆದ್ರು. ವಿಚಾರಣೆ ನಡೀತಿದೆ. ಪಾಸ್‌ಪೋರ್ಟ್ ಅಧಿಕಾರಿಗಳ ಹತ್ರ. ಅದಕ್ಕೇ ಬರೋಕಾಗ್ಲಿಲ್ಲ."

ಹದಿನೇಳು. ನನಗೆ ಫೋನು ಮಾಡಿದ್ದು ಹತ್ತೊಂಬತ್ತು.

"ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ಬಿ.ಪಿ. ಏರುತ್ತೆ ಅಂತ."

ಹೊರಟ. ಗೇಟಿನ ಹತ್ತಿರ ತಿರುಗಿ ಹೇಳಿದ. "ಈಗ ಪ್ರಪಂಚಕ್ಕೆಲ್ಲ ಅವನ ಹೆಸರು ಗೊತ್ತು ದೊಡ್ಡಪ್ಪ. ಸತ್ತಿರೋದು ಎಲುಗ್ವುಮಾದಲ್ಲಿ ಮಾತ್ರ."

ಕರಾರು ಉಳಿಸಲು ಬಾಯಿ ಮುಚ್ಚಿದೆ. ಇಪ್ಪತ್ತೆಂಟರಂದು ಕರಾರೇ ಇರಲಿಲ್ಲ. ಅದಕ್ಕೂ ಹನ್ನೊಂದು ದಿನ ಮುಂಚೆಯೇ ಹೋಗಿತ್ತು.

ಜನವರಿ 3

ಉಗೊಯೆ ತಲೆ ಬೋಳಿಸಿಕೊಂಡಿದ್ದಾಳೆ. ಕಪ್ಪು ಬಟ್ಟೆ. ಬಾವಿಯ ಹತ್ತಿರ ಕಂಡಳು. ಕೂಗಾಡಿದೆ.

"ಬದುಕಿರೋ ಮಗನಿಗೆ ಸೂತಕ ಹಿಡೀತೀಯಾ! ಹುಚ್ಚು ಹಿಡೀತಾ ನಿನಗೆ?"

"ಊರೆದುರಿಗೆ ಹೆಂಡ ಸುರಿಸಿದ್ರಲ್ಲ ಭಾವ. ನಿಮ್ಮ ಕೆಲಸ ನೀವು ಮಾಡಿದ್ರಿ. ತಾಯಿ ಮಾಡೋದನ್ನ ನಾನು ಮಾಡ್ತಿದೀನಿ."

ಕೊಡ ತಲೆಯ ಮೇಲಿಟ್ಟುಕೊಂಡಳು. ಬೋಳುತಲೆಯ ಮೇಲೆ ಸಿಂಬಿ ನಿಲ್ಲಲಿಲ್ಲ, ಜಾರಿತು. ಎತ್ತಿಕೊಡಲು ಹೋದೆ. ಬೇಡ ಅಂದಳು.

ಜನವರಿ 4, 5

ಫೋನು ಮಾಡಿದೆ. ಎತ್ತಲಿಲ್ಲ. ಹತ್ತು ಸಲ. ಹದಿನಾಲ್ಕು ಸಲ.

ಜನವರಿ 6. ಸಂಜೆ

ಓಬಾಸಿ ಅಜ್ಜನ ಮನೆಗೆ ಹೋದೆ. ಬೆತ್ತದ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ಕೋಲಾ ಇಟ್ಟೆ, ಹೆಂಡದ ಬಾಟಲಿ ಇಟ್ಟೆ.

"ಸುರಿದ ಹೆಂಡ ವಾಪಸ್ ತುಂಬಿಸ್ಬೇಕು ಅಜ್ಜ. ದಾರಿ ಹೇಳಿ."

"ಟೈರ್ ಒಲುಗು," ಅಂದರು, ಊರೆಲ್ಲ ನನ್ನನ್ನು ಕರೆಯುವ ಹಾಗೇ. "ನೀನು ಸಣ್ಣವನಿದ್ದಾಗ್ಲೂ ಹೀಗೇ. ಮೊದಲು ಒಡೆಯೋದು, ಆಮೇಲೆ ತೇಪೆ ಹಾಕಕ್ಕೆ ಓಡೋದು. ಅದಕ್ಕೇ ನಿನಗೆ ಆ ಕಸುಬು ಹಿಡಿಸ್ತು."

ಬೇರೆ ಯಾರಾದರೂ ಅಂದಿದ್ದರೆ ಎದ್ದು ಬರುತ್ತಿದ್ದೆ.

"ಯಾವ ಬಾಯಿ ಮುಚ್ಚಿತ್ತೋ ಅದೇ ಬಾಯಿ ತೆರೀಬೇಕು. ಅದೇ ಬಯಲಲ್ಲಿ, ಸಂತೆ ದಿನ. ಬರೀ 'ಇದ್ದಾನೆ' ಅಂದ್ರೆ ಈಗ ಸಾಲದು. ಯಾಕೆ ಮುಚ್ಚಿದ್ದೆ ಅಂತ ಹೇಳ್ಬೇಕು. ಕಾರ್ಡು, ಕೋರ್ಟು, ಕೂಸು, ಎಲ್ಲ. ಹುಟ್ಟಿದ ತಾರೀಕಿನ ಸಮೇತ. ಆಮೇಲೆ ನಿನ್ನನ್ನ ಹಿರಿಯರ ಸಾಲಲ್ಲಿ ಕೂರಿಸ್ತಾರೋ ಇಲ್ವೋ, ನಾನು ಮಾತು ಕೊಡಲ್ಲ."

"ಸುಳ್ಳು ಪ್ರಮಾಣ ಮಾಡಿದೋನು ಅಂತ ಮಕ್ಕಳು ಕೂಡ ಬೊಟ್ಟು ಮಾಡ್ತವೆ."

"ಮಾಡ್ತವೆ."

"ಎಪ್ಪತ್ತೊಂದು ವರ್ಷ ಅಜ್ಜ ನನಗೆ."

"ಅದಾದ್ರೂ ನಿಜವಾದ ಲೆಕ್ಕಾನಾ?" ಅಂದು ನಕ್ಕರು. ಹಲ್ಲಿಲ್ಲ. ನನಗೆ ನಗು ಬರಲಿಲ್ಲ.

ಜನವರಿ 9. ಮಧ್ಯಾಹ್ನ 2

ಎತ್ತಿದ!

"ನಾನು ಕಣೋ. ದೊಡ್ಡಪ್ಪ."

ಉಸಿರು ಮಾತ್ರ. ಹಿಂದೆ ಎಲ್ಲೋ ಚೆಂಡು ಪುಟಿಯುತ್ತಿತ್ತು. ಅವನದಲ್ಲ, ಯಾರದೋ.

"ಕೇಳಿಸ್ತಿದೆಯಾ? ಏನಾದ್ರೂ ಮಾತಾಡು."

"ಸತ್ತೋರು ಏನು ಮಾತಾಡ್ತಾರೆ ದೊಡ್ಡಪ್ಪ" ಅಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು, ಸಿಟ್ಟು ನನ್ನ ಕಡೆಯ ಸಾಮಾನು. ಸುಸ್ತು ಇತ್ತು. ನಾಡಿದ್ದು ಸಂತೆ, ನಾನು ಎದ್ದು ಹೇಳುತ್ತೇನೆ ಅನ್ನುವಷ್ಟರಲ್ಲಿ ಇಟ್ಟುಬಿಟ್ಟ. ಕೇಳಿಸಿಕೊಂಡನೋ ಇಲ್ಲವೋ.

ಮತ್ತೆ ಮಾಡಿದೆ. ಫೋನು ಬಂದ್ ಆಗಿದೆ.

ಜನವರಿ 11. ಬೆಳಿಗ್ಗೆ 7

185/115. ನರ್ಸಮ್ಮ ನೋಡಿದರೆ ಮಲಗಿಸುತ್ತಾಳೆ. ಅವಳ ಹಾಳೆಯಲ್ಲಿ 150 ಅಂತ ಬರೆಯಲು ಹೋದೆ. ಹೊಡೆದು ಹಾಕಿದೆ. ಇದ್ದದ್ದನ್ನೇ ಬರೆದೆ.

ಹಿರಿಯರ ಸಾಲಿನವರು ಹಾಕುವ ಕೆಂಪು ಟೋಪಿ ಒರೆಸಿಟ್ಟಿದ್ದೇನೆ. ಹಾಕಿಕೊಳ್ಳಲೋ ಬೇಡವೋ ತಿಳಿಯದು. ಹೇಗೂ ಕಿತ್ತುಕೊಳ್ಳಬಹುದು.

ಉಗೊಯೆ ಹೊರಗೆ ಜಗುಲಿಯ ಮೇಲೆ ಕೂತಿದ್ದಾಳೆ. ಕಪ್ಪು ಬಟ್ಟೆಯಲ್ಲೇ. ಕರೆದಿರಲಿಲ್ಲ. ಬರುತ್ತೀಯಾ ಅಂದೆ. "ನೀವು ಹೇಳೋವರೆಗೂ ಬಟ್ಟೆ ಬದಲಾಯಿಸಲ್ಲ" ಅಂದಳು. ಮಡಿಲಲ್ಲಿ ಬೈಬಲ್ಲು. ಅದರೊಳಗೆ ಈಗ ಏನೂ ಇಲ್ಲ. ಕಾರ್ಡು ಅಮೆರಿಕದಲ್ಲಿ ಯಾವುದೋ ಕಡತದಲ್ಲಿದೆ.

ನಿಂತ ಮೇಲೆ ನಾಲಿಗೆ ಮತ್ತೆ ಕೈಕೊಟ್ಟರೆ? ಇಲ್ಲೇ ಬರೆದು ಗಟ್ಟಿ ಮಾಡಿಕೊಳ್ಳುತ್ತೇನೆ. ಹಾಳೆ ಹರಿದುಕೊಂಡು ಹೋದರೂ ಆಯಿತು.

ಎಲುಗ್ವುಮಾದವರೇ. ನಾನು ಒಲುಗು. ಟೈರ್ ಒಲುಗು. ನನ್ನ ತಮ್ಮ ಅಗ್ವುವಿನ ಮನೆಯಲ್ಲಿ ಎರಡು ಗಂಡು ಹುಟ್ಟಿದವು. ಒಂದು ಹೋಯಿತು. ಹೋದದ್ದರ ಹೆಸರನ್ನು ತೆಗೆದು ಇದ್ದದ್ದಕ್ಕೆ ತೊಡಿಸಿದವನು ನಾನು. ಕೋರ್ಟಿನಲ್ಲಿ ಕೈ ಎತ್ತಿ ಸುಳ್ಳು ಹೇಳಿದವನು ನಾನು. ಮೊನ್ನೆ ಇದೇ ಬಯಲಲ್ಲಿ ಬಾಯಿ ಮುಚ್ಚಿ ಕೂತವನೂ ನಾನೇ. ಹಿತ್ತಲ ಮರದ ಕೆಳಗೆ ಮಲಗಿರುವುದು ಕ್ಲೆಮೆಂಟ್. ಅದನ್ನು ಇನ್ನು ಯಾರೂ ಎಬ್ಬಿಸಬೇಡಿ. ಬದುಕಿರುವವನ ಹೆಸರು

ಮೈಕಿನ ಕಾರು ಸಂತೆ ಬಯಲಿಗೆ ಹೊರಟ ಸದ್ದು. ಉಗೊಯೆ ಎದ್ದು ನಿಂತಳು.

ಬದುಕಿರುವವನ ಹೆಸರು ಉಕ್ಪಾಯ್. ಉಕ್ಪಾಯ್ ಅಗ್ವು. ಹುಟ್ಟಿದ್ದು —